ರೂಲ್ ಬುಕ್ಕಿಗೆ ಅಂಟಿಸಿದ ಚೀಟಿ

ಅಬು ಹಲೀಫಾದ ನಮ್ಮ ಶುಕ್ರವಾರದ ಕ್ರಿಕೆಟ್ಟಿಗೆ ಅಂಪೈರ್ ನಾನೇ. ಕಾರಣ ಇಷ್ಟೇ: ಎಂಸಿಸಿಯ 2017ರ ನಿಯಮಾವಳಿಯನ್ನು ಪ್ರಿಂಟ್ ತೆಗೆದು ಬೈಂಡ್ ಮಾಡಿಸಿಟ್ಟುಕೊಂಡವನು ನಾನೊಬ್ಬನೇ!

ಕಳೆದ ಚಳಿಗಾಲದ ಮಾತು. ಎರಡು ಎಸೆತ, ನಾಲ್ಕು ರನ್ ಬಾಕಿ. ಚೆಂಡು ಮೇಲಕ್ಕೆ ಹಾರಿತು. ಕ್ಯಾಚ್ ಹಿಡಿಯುವಷ್ಟರಲ್ಲಿ ಬ್ಯಾಟರ್‌ಗಳಿಬ್ಬರೂ ಒಬ್ಬರನ್ನೊಬ್ಬರು ದಾಟಿದ್ದರು. "ಹಳಬನೇ ಸ್ಟ್ರೈಕ್‌ಗೆ ಬರಲಿ" ಎಂದೆ. ಬೌಲ್ ಮಾಡುತ್ತಿದ್ದ ಹದಿನಾರರ ಹುಡುಗ, "ಅಂಕಲ್, ಆ ರೂಲ್ ಬದಲಾಗಿದೆ" ಎಂದ. ಪುಸ್ತಕ ತೆರೆದು ತೋರಿಸಿದೆ. ಸುಮ್ಮನಾದ. ಕೊನೆಯ ಎಸೆತ ಬೌಂಡರಿ. ಅವನ ತಂಡ ಸೋತಿತು.

ಮನೆಗೆ ಬಂದು ಹುಡುಕಿದರೆ ಹುಡುಗನೇ ಸರಿ! 2022ರ ಅಕ್ಟೋಬರ್ 1ರಿಂದ, ಕ್ಯಾಚ್ ಔಟಾದಾಗ ಓವರ್ ಮುಗಿದಿರದಿದ್ದರೆ, ದಾಟಿದ್ದರೂ ಹೊಸ ಬ್ಯಾಟರೇ ಸ್ಟ್ರೈಕ್ ತೆಗೆದುಕೊಳ್ಳಬೇಕು. ಚೆಂಡಿಗೆ ಎಂಜಲು ಹಚ್ಚುವುದೂ ಅಂದಿನಿಂದ ನಿಷಿದ್ಧ. ಬೌಲರ್ ನಾನ್-ಸ್ಟ್ರೈಕರನ್ನು ಔಟ್ ಮಾಡುವ ವಿಷಯ 41ನೇ ನಿಯಮವಾದ 'ಅನುಚಿತ ಆಟ'ದಿಂದ 38ನೇ ನಿಯಮವಾದ 'ರನೌಟ್'ಗೆ ಹೋಗಿದೆ. ನನ್ನ ಪುಸ್ತಕಕ್ಕೆ ಇದ್ಯಾವುದೂ ಗೊತ್ತಿಲ್ಲ.

ಆಫೀಸಿನಲ್ಲಿ ವರ್ಷನ್ ನಂಬರ್ ನೋಡದೆ ಕಡತ ಮುಟ್ಟದವನು ನಾನು. ಮೈದಾನದಲ್ಲಿ ಮಾತ್ರ ಅಚ್ಚಾದ ಅಕ್ಷರವನ್ನು ಕಣ್ಣುಮುಚ್ಚಿ ನಂಬಿ ಒಬ್ಬ ಹುಡುಗನ ಬಾಯಿ ಮುಚ್ಚಿಸಿದ್ದೆ.

ಮುಂದಿನ ಶುಕ್ರವಾರ ಎಲ್ಲರೆದುರು ಕ್ಷಮೆ ಕೇಳಿದೆ. ಈಗ ಬದಲಾದ ಸಾಲಿನ ಮೇಲೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಿದ್ದುಪಡಿಯ ಚೀಟಿ, ಚೀಟಿಯ ಮೇಲೆ ಜಾರಿಗೆ ಬಂದ ತಾರೀಖು. ಹಳೆಯದನ್ನು ಪೂರ್ತಿ ಅಳಿಸುವುದಿಲ್ಲ. ಏನು ಬದಲಾಯಿತೆಂದು ಕಾಣಬೇಕಲ್ಲ. ಮೊದಲ ಪುಟದಲ್ಲಿ 'ಕೊನೆಯ ಬಾರಿ ನೋಡಿದ್ದು' ಎಂಬ ದಿನಾಂಕ.

ಚೀಟಿ ಬರೆಯುವ ಕೆಲಸ ಆ ಹುಡುಗನದು. ಕನ್ನಡದಲ್ಲೇ ಬರೆಯುತ್ತಾನೆ. ಒತ್ತಕ್ಷರ ತಪ್ಪಿದರೆ ತಿದ್ದುವ ಸರದಿ ನನ್ನದು!