ಹಜೇರಿ ಪುಸ್ತಕದ ಇಪ್ಪತ್ತೆಂಟನೆಯ ದಿನ

1996ರ ದೀಪಾವಳಿಗೆ ಇನ್ನು ನಾಲ್ಕು ದಿನಗಳಿದ್ದವು. ಕೃಷ್ಣಾ ತೀರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕೂಲಿ ಗುತ್ತಿಗೆದಾರನೊಬ್ಬನ ಬಳಿ ನಾನು ಹಜೇರಿ ಬರೆಯುವ ಗುಮಾಸ್ತನಾಗಿದ್ದೆ. ಕಾಯಂ ನೌಕರರು ಬೋನಸ್ಸಿನ ಹಣ ಎಣಿಸಿಕೊಂಡು ಗೇಟಿನಿಂದ ಹೊರಬರುತ್ತಿದ್ದರು. ಗೋದಾಮಿನಲ್ಲಿ ಸಕ್ಕರೆ ಚೀಲ ಹೊರುವ ನಮ್ಮ ಹಮಾಲರಿಗೆ ತಲಾ ಒಂದು ಪೊಟ್ಟಣ ಮಿಠಾಯಿ ಬಂದಿತ್ತು.

ಅಂದು ಐವತ್ತರ ಆಸುಪಾಸಿನ ಹಮಾಲರೊಬ್ಬರು ಎರಡು ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನನ್ನ ಮೇಜಿನ ಮುಂದೆ ನಿಂತರು. ಗಡಿಭಾಗದ ಮನೆಗಳಲ್ಲಿ ತೂಗುವ ಮರಾಠಿ ‘ಕಾಲನಿರ್ಣಯ’. ಒಂದು 1995ರದು, ಇನ್ನೊಂದು ಆ ವರ್ಷದ್ದು. ಕಳೆದ ಹಂಗಾಮಿನಲ್ಲಿ ದುಡಿದ ಪ್ರತಿ ದಿನದ ಅಂಕಿಯ ಮೇಲೆ ಇದ್ದಿಲಿನ ಚುಕ್ಕೆ ಇಟ್ಟಿದ್ದರು.

“ತಮ್ಮಾ, ಎಣಿಸಿ ನೋಡು. ನೂರಾ ಮೂವತ್ತೇಳು ಅದಾವು. ನಿನ್ನ ಪುಸ್ತಕದಾಗ ನನ್ನ ಹೆಸರು ಇಪ್ಪತ್ತೆಂಟಕ್ಕ ಯಾಕ ನಿಂತೈತಿ?”

ಎಣಿಸುವ ಅಗತ್ಯ ನನಗಿರಲಿಲ್ಲ. ಹಾಗೆ ನಿಲ್ಲಿಸಿದವನು ನಾನೇ. ಒಂದು ಹೆಸರಿಗೆ ಇಪ್ಪತ್ತೆಂಟು ಹಾಜರಿ ಬಿದ್ದೊಡನೆ ಅದನ್ನು ಕೈಬಿಟ್ಟು, ಅದೇ ಮನುಷ್ಯನನ್ನು ಅವನ ತಮ್ಮನ ಹೆಸರಿನಲ್ಲಿ, ಬಳಿಕ ಮಗನ ಹೆಸರಿನಲ್ಲಿ, ಆಮೇಲೆ ಭಾವನ ಹೆಸರಿನಲ್ಲಿ ಬರೆಯಬೇಕೆಂಬುದು ಗುತ್ತಿಗೆದಾರನ ಅಪ್ಪಣೆ. ಪಗಾರವೇನೋ ತಪ್ಪುತ್ತಿರಲಿಲ್ಲ. ಆದರೆ ಅವರು ಹೆಬ್ಬೆಟ್ಟು ಒತ್ತುತ್ತಿದ್ದುದು ಬೇರೆಯವರ ಹೆಸರಿನ ಮುಂದೆ. ಒಂದು ಪಗಾರದ ದಿನ ಶಾಲೆಗೆ ಹೋಗುವ ಮಗ ಜೊತೆಗೆ ಬಂದು ಅದನ್ನು ಓದಿ ಹೇಳಿದ್ದನಂತೆ.

ಇಪ್ಪತ್ತೆಂಟೇ ಏಕೆ ಎಂಬುದಕ್ಕೆ ಉತ್ತರ 1965ರ ಬೋನಸ್ ಪಾವತಿ ಕಾಯ್ದೆಯಲ್ಲಿತ್ತು. ಲೆಕ್ಕಪತ್ರದ ವರ್ಷವೊಂದರಲ್ಲಿ ಕನಿಷ್ಠ ಮೂವತ್ತು ದಿನ ದುಡಿದವನು ಬೋನಸ್ಸಿಗೆ ಅರ್ಹ. ಕಾಯಂ ನೌಕರನೇ ಆಗಿರಬೇಕೆಂದು ಕಾಯ್ದೆ ಹೇಳಿರಲಿಲ್ಲ; ಹಂಗಾಮಿ ಕೆಲಸಗಾರನಿಗೂ ಅದೇ ಅಳತೆ. ಮಾಲೀಕನಿಗೆ ಲಾಭ ಬರಲಿ, ನಷ್ಟವಾಗಲಿ, ಕನಿಷ್ಠ ಬೋನಸ್ ಕೊಡಲೇಬೇಕು. ಆರಂಭದಲ್ಲಿ ಶೇ 4ರಷ್ಟಿದ್ದ ಈ ಕನಿಷ್ಠ ಪ್ರಮಾಣ ಎಪ್ಪತ್ತರ ದಶಕದಲ್ಲಿ ಶೇ 8.33ಕ್ಕೆ ಏರಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಅದಕ್ಕೆ ಕತ್ತರಿ ಬಿತ್ತು. 1977ರಲ್ಲಿ ಮರಳಿ ಬಂದು ಉಳಿದುಕೊಂಡಿತು. ಶೇ 8.33 ಎಂದರೆ ಹನ್ನೆರಡರಲ್ಲಿ ಒಂದು ಪಾಲು, ವರ್ಷದ ದುಡಿಮೆಗೆ ಒಂದು ತಿಂಗಳ ಸಂಬಳ. ಬೋನಸ್ ಎಂಬುದು ಹಬ್ಬದ ಬಕ್ಷೀಸಲ್ಲ, ಕೊಡುವುದು ತಡವಾದ ಕೂಲಿಯೇ ಎಂದು ಕಾರ್ಮಿಕ ಚಳವಳಿ ದಶಕಗಳಿಂದ ವಾದಿಸುತ್ತ ಬಂದಿರುವುದು ಇದೇ ಅರ್ಥದಲ್ಲಿ.

ಆ ಹಮಾಲರ ಲೆಕ್ಕವನ್ನು ನಾನು ಆ ರಾತ್ರಿ ಗುಟ್ಟಾಗಿ ಮಾಡಿ ನೋಡಿದೆ. ದಿನಕ್ಕೆ 40 ರೂಪಾಯಿಯಂತೆ 137 ದಿನಕ್ಕೆ 5,480 ರೂಪಾಯಿ. ಅದರಲ್ಲಿ ಶೇ 8.33 ಎಂದರೆ 456 ರೂಪಾಯಿ. ಇಷ್ಟು ಹಣವನ್ನು ಉಳಿಸಲು ನಾವು ಒಬ್ಬ ಮನುಷ್ಯನನ್ನು ಐದು ಹೆಸರುಗಳಲ್ಲಿ ಹಂಚಿಬಿಟ್ಟಿದ್ದೆವು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲ್ಲೂಕುಗಳ ದುಡಿಮೆಯ ಲಯ ತಿಳಿದವರಿಗೆ ಇದು ಹೇಗೆ ನಡೆಯುತ್ತದೆಂದು ವಿವರಿಸಬೇಕಿಲ್ಲ. ಕಬ್ಬು ನುರಿಸುವ ಹಂಗಾಮು ಚಳಿಗಾಲದ ಹೊತ್ತಿಗೆ ಶುರುವಾಗಿ ಬೇಸಿಗೆಗೆ ಮುಗಿಯುತ್ತದೆ. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಲ್ಲಿಂದ ಎಂಟು ತಿಂಗಳೊಳಗೆ, ಅಂದರೆ ನವೆಂಬರ್ 30ರೊಳಗೆ ಬೋನಸ್ ಕೊಡಬೇಕು. ಹೀಗಾಗಿಯೇ ಅದು ದೀಪಾವಳಿಯ ಹಣವಾಗಿ ನಮ್ಮ ಮನಸ್ಸಿನಲ್ಲಿ ಕುಳಿತಿದೆ. ಆದರೆ ಅಷ್ಟು ಹೊತ್ತಿಗೆ ಹಿಂದಿನ ಹಂಗಾಮಿನ ಕೂಲಿಯಾಳು ಚದುರಿರುತ್ತಾನೆ. ಕೆಲವೊಮ್ಮೆ ಗುತ್ತಿಗೆದಾರನೂ ಬದಲಾಗಿರುತ್ತಾನೆ. ಬೋನಸ್ ಕೇಳಬೇಕಾದ ದಿನವೂ ಮುಂದಿನ ಹಂಗಾಮಿಗೆ ಕೆಲಸ ಕೇಳಬೇಕಾದ ದಿನವೂ ಒಂದೇ. ಎರಡರಲ್ಲಿ ಒಂದನ್ನು ಕೇಳು ಎಂದರೆ ಬಡವ ಯಾವುದನ್ನು ಕೇಳಿಯಾನು?

ಹಾಗೆಂದು ಇದು ಬಾಯಿಲ್ಲದವರ ನಾಡೇನೂ ಅಲ್ಲ. ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತ ರೈತರು ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ಎದೆಯೊಡ್ಡಿದರು. ಅದೇ ಕಾಲದಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ಘಾಟು ಕುಡಿದು ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಮುಷ್ಕರ ಹೂಡಿದರು. ಯುಗಾಂತರ ಚಿತ್ರತಂಡ 1982ರಲ್ಲಿ ತಯಾರಿಸಿದ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಮರಾಠಿ ಸಾಕ್ಷ್ಯಚಿತ್ರದಲ್ಲಿ ಅವರ ಮಾತು ಇಂದಿಗೂ ಉಳಿದಿದೆ. ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ಅವರನ್ನು ಒಬ್ಬೊಬ್ಬರಾಗಿಯೇ ಮನೆಗೆ ಕಳುಹಿಸುತ್ತಿದ್ದರು. ನನ್ನ ಮೇಜಿನ ಮುಂದೆ ನಿಂತ ಹಮಾಲರು ಒಬ್ಬರೇ ಬಂದಿದ್ದರು.

ಅವರಿಗೆ ನಾನು ಕೊಟ್ಟ ಉತ್ತರ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. “ಕಾಕಾ, ನಂದೇನೈತಿ? ಮಾಲಕರು ಹೇಳಿದ್ದು ಬರದೇನಿ. ಅವರನ್ನ ಕೇಳ್ರಿ” ಎಂದೆ. ಗುತ್ತಿಗೆದಾರ ಕಾರ್ಖಾನೆಯನ್ನು ಕೇಳು ಎಂದ. ಕಾರ್ಖಾನೆಯ ಕಚೇರಿಯಲ್ಲಿ, ನೀನು ನಮ್ಮವನಲ್ಲ, ಗುತ್ತಿಗೆದಾರನ ಆಳು ಎಂದರು. ಮುಂದಿನ ಹಂಗಾಮಿನ ಪಟ್ಟಿಯಲ್ಲಿ ಅವರ ಐದು ಹೆಸರುಗಳಲ್ಲಿ ಒಂದೂ ಇರಲಿಲ್ಲ. ವಂಚನೆ, ಕಳ್ಳತನ, ಕೆಲಸದ ಸ್ಥಳದಲ್ಲಿ ಹಿಂಸಾಚಾರ, ಬುಡಮೇಲು ಕೃತ್ಯ ಇವುಗಳಿಗಾಗಿ ವಜಾಗೊಂಡವನಿಗೆ ಮಾತ್ರ ಕಾಯ್ದೆ ಬೋನಸ್ ನಿರಾಕರಿಸುತ್ತಿತ್ತು. ಕೇಳಿದ್ದು ಅಪರಾಧವೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಈಗ ಕಾನೂನಿನ ಚೌಕಟ್ಟು ಬದಲಾಗಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು ಹಳೆಯ ಬೋನಸ್ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಬೋನಸ್ ನಿಯಮ ಅನ್ವಯಿಸುತ್ತದೆ. ಸರ್ಕಾರ ಗೊತ್ತುಪಡಿಸುವ ವೇತನ ಮಿತಿಯೊಳಗಿನವರಿಗೆ ಮೂವತ್ತು ದಿನ, ಶೇ 8.33, ಎಂಟು ತಿಂಗಳು ಎಂಬ ಅಳತೆಗಳು ಹಾಗೆಯೇ ಉಳಿದಿವೆ. ಹಣವನ್ನು ಬ್ಯಾಂಕ್ ಖಾತೆಗೇ ಹಾಕಬೇಕು. ಉದ್ಯೋಗದಾತ ಎಂಬ ಪದದಲ್ಲಿ ಗುತ್ತಿಗೆದಾರನೂ ಸೇರಿದ್ದಾನೆ. ಅವನು ಕೊಡದೇ ಹೋದರೆ ಸಂಸ್ಥೆಯ ಒಡೆತನ ಯಾರದೋ ಅವರೇ ಹೊಣೆ. ಬೋನಸ್ ಬಂದಿಲ್ಲವೆಂದು ಮೂರು ವರ್ಷಗಳೊಳಗೆ ಅರ್ಜಿ ಹಾಕಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಕೊಟ್ಟಿದ್ದೇನೆಂದು ರುಜುವಾತು ಮಾಡುವ ಭಾರ ಈಗ ಉದ್ಯೋಗದಾತನ ಮೇಲಿದೆ. ಇದ್ದಿಲಿನ ಚುಕ್ಕೆಗಳಿಗೆ ಅಂದು ಇಂಥ ಆಸರೆ ಸಿಕ್ಕಿದ್ದರೆ!

ಆದರೆ ಕಾನೂನು ತಾನಾಗಿ ಗೋದಾಮಿನ ಬಾಗಿಲಿಗೆ ನಡೆದು ಬರುವುದಿಲ್ಲ. ಹಜೇರಿ ಪುಸ್ತಕವನ್ನು ಇಂದಿಗೂ ಯಾರೋ ಒಬ್ಬರು ಬರೆಯುತ್ತಾರೆ; ಕಂಪ್ಯೂಟರಿನಲ್ಲಿ ಬರೆದರೂ ಬರೆಯುವ ಕೈ ಒಂದಿರುತ್ತದೆ. ಗುತ್ತಿಗೆದಾರನ ಬಿಲ್ಲಿಗೆ ಯಾರೋ ಸಹಿ ಹಾಕುತ್ತಾರೆ. ಈ ಪುಟವನ್ನು ಓದುತ್ತಿರುವವರಲ್ಲಿ ಅಂಥವರು ಅನೇಕರಿದ್ದೀರಿ. ನಿಮ್ಮ ಕಚೇರಿಯ ಬಾಗಿಲು ಕಾಯುವವನು, ಬೆಳಗ್ಗೆ ನೆಲ ಒರೆಸುವವಳು, ವಾಹನ ಓಡಿಸುವವನು ಬಹುಶಃ ಯಾವುದೋ ಏಜೆನ್ಸಿಯ ಹೆಸರಿನಲ್ಲಿ ದುಡಿಯುತ್ತಿರುತ್ತಾರೆ. ಏಜೆನ್ಸಿಯ ಬಿಲ್ ಪಾಸು ಮಾಡುವ ಮುನ್ನ, ಕಳೆದ ವರ್ಷದ ಬೋನಸ್ ಇವರ ಖಾತೆಗೆ ಬಿದ್ದಿದೆಯೇ ಎಂದು ಒಂದು ಸಾಲು ಬರೆದು ಕೇಳಲು ನಿಮಗೆ ಯಾವ ಅಂಜಿಕೆಯೂ ಇರಬೇಕಿಲ್ಲ. ಅದೇ ಪ್ರಶ್ನೆಯನ್ನು ಅವರು ಕೇಳಬೇಕಾದರೆ ಮುಂದಿನ ತಿಂಗಳ ಅನ್ನವನ್ನು ಪಣಕ್ಕಿಡಬೇಕು. ಕೆಲಸಗಾರರು ಒಗ್ಗೂಡಿ, ಲಿಖಿತವಾಗಿ ಕೇಳಲಿ ಎಂದು ಉಪದೇಶಿಸುವುದು ಸುಲಭ. ಅವರ ಜೊತೆಗೆ ನಾವೂ ಕೇಳಿದಾಗಲೇ ಆ ಉಪದೇಶಕ್ಕೆ ಬೆಲೆ.

ಆ ಹಂಗಾಮು ಮುಗಿದ ಮೇಲೆ ನಾನು ಆ ಕೆಲಸ ಬಿಟ್ಟೆ. ಪ್ರತಿಭಟಿಸಿ ಬಿಟ್ಟೆನೆಂದು ಹೇಳಿಕೊಳ್ಳಲಾರೆ. ಬೇರೆ ನೌಕರಿ ಸಿಕ್ಕಿತ್ತು, ಹೋದೆ. ಹೊಸ ನೌಕರಿಯಲ್ಲಿ ಮೊದಲ ದೀಪಾವಳಿಯ ಬೋನಸ್ ಲಕೋಟೆ ಕೈಗೆ ಬಂದಾಗ ಅದನ್ನು ಕೇಳಬೇಕಾಗಿಯೇ ಬರಲಿಲ್ಲ. ನನ್ನ ಹೆಸರಿನ ಮುಂದೆ ಯಾರೋ ಗುಮಾಸ್ತ ಇಡೀ ವರ್ಷದ ಹಾಜರಿಯನ್ನು ಇದ್ದಂತೆಯೇ ಬರೆದಿದ್ದ.