ಖಾತೆ ಯಾರ ಹೆಸರಿಗಿದೆ?

ನಗರ ಯೋಜನೆ ಕಚೇರಿಯಲ್ಲಿ ವರ್ಷಗಟ್ಟಲೆ ನಕ್ಷೆ ನೋಡಿ ನಿವೃತ್ತನಾದವನಿಗೆ ಯಾವ ಊರಿಗೆ ಹೋದರೂ ಸೆಟ್‌ಬ್ಯಾಕ್ ಅಳೆಯುವ ಚಟ. ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ಮಗನ ಮನೆಗೆ ಹೋದಾಗ ನಾನು ಕಣ್ಣಲ್ಲೇ ಹೆಚ್ಚು ಅಳೆದದ್ದು ಜಾಕ್ಸನ್ ಬೀದಿಯ ಜಪಾನ್‌ಟೌನನ್ನು. ಒಂದೆರಡು ಮಹಡಿಯ ಅಂಗಡಿಗಳು, ಬೌದ್ಧ ಮಂದಿರ, ನಮ್ಮ ಕಡುಬಿನ ದೂರದ ನೆಂಟನಂತೆ ಕಾಳಿನ ಹೂರಣ ತುಂಬಿದ ಮಂಜು ಎಂಬ ಸಿಹಿ. ಆರನೇ ಬೀದಿಗೆ ತಿರುಗಿದರೆ ಎದುರಿಗೆ 500ಕ್ಕೂ ಹೆಚ್ಚು ಮನೆಗಳ ಹೊಸ ವಸತಿ ಸಮುಚ್ಚಯ. ಇದನ್ನು ಇಲ್ಲಿ ಕಟ್ಟಲೇಬಾರದಿತ್ತು ಎನ್ನುತ್ತಾನೆ ಮಗ. ನಾನು ಒಪ್ಪುವುದಿಲ್ಲ.

ಆ ಜಾಗದ ಕಥೆ ಕೇಳಿ. 1887ರ ಮೇ ತಿಂಗಳಲ್ಲಿ ಊರ ನಡುವಿನ ಚೀನೀಯರ ಪೇಟೆಗೆ ಬೆಂಕಿ ಇಟ್ಟರು. ಬೀದಿಗೆ ಬಿದ್ದವರಿಗೆ ಜಾನ್ ಹೈನ್ಲೆನ್ ಎಂಬ ಜರ್ಮನ್ ವಲಸಿಗ, ಊರವರ ಹಗೆ ಕಟ್ಟಿಕೊಂಡು, ತನ್ನ ಜಮೀನನ್ನು ಬಾಡಿಗೆಗೆ ಕೊಟ್ಟ. ಅಲ್ಲೆದ್ದ ಪೇಟೆಗೆ ಹೈನ್ಲೆನ್‌ವಿಲ್ ಎಂದೇ ಹೆಸರಾಯಿತು. ಸುತ್ತಲ ತೋಟಗಳಿಗೆ ಕೂಲಿಗೆ ಬಂದ ಜಪಾನೀಯರು ಅದರ ಮಗ್ಗುಲಲ್ಲಿ ನೆಲೆಯಾದರು, ಆಮೇಲೆ ಫಿಲಿಪ್ಪೀನ್ಸಿನವರೂ ಬಂದರು. 1931ರ ಹೊತ್ತಿಗೆ ಹೈನ್ಲೆನ್ ಕುಟುಂಬದ ಕಂಪನಿ ದಿವಾಳಿಯಾಗಿ ಜಾಗ ನಗರಾಡಳಿತದ ಪಾಲಾಯಿತು, ಚೀನೀ ಪೇಟೆ ನೆಲಸಮವಾಯಿತು. ಮುಂದೆ ಎಷ್ಟೋ ದಶಕ ಅದು ನಗರಾಡಳಿತದ ಯಾರ್ಡ್ ಆಗಿತ್ತು.

ಮನೆ ಸಿಗದೆ ಜನ ಒದ್ದಾಡುವ ಊರಲ್ಲಿ ಯಾರ್ಡಿಗೆ ಪರಂಪರೆಯ ಪಟ್ಟ ಕಟ್ಟಿ ಕಾಯಬೇಕೆ? ಕಟ್ಟುವ ಮುನ್ನ ಪುರಾತತ್ವ ತಜ್ಞರಿಂದ ಅಗೆಸಿ ನೋಡಿದರು, ಪಕ್ಕದ ಪಾರ್ಕಿಗೆ ಹೈನ್ಲೆನ್‌ವಿಲ್ ಎಂದೇ ಹೆಸರಿಟ್ಟರು. 2021ರಲ್ಲಿ ನಗರಾಡಳಿತ ಚೀನೀಯರ ಕ್ಷಮೆಯನ್ನೂ ಕೇಳಿತು. ಇಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ.

ನನ್ನ ಚಿಂತೆ ಖಾತೆಯದು. 1913ರ ಕಾನೂನಿನಂತೆ ಜಪಾನಿನಿಂದ ಬಂದವರು ಕ್ಯಾಲಿಫೋರ್ನಿಯಾದಲ್ಲಿ ಕೃಷಿಭೂಮಿ ಕೊಳ್ಳುವಂತಿರಲಿಲ್ಲ. 1942ರಲ್ಲಿ ಸರ್ಕಾರ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಿಗೆ ಅಟ್ಟಿತು. ಯುದ್ಧಕ್ಕೆ ಮುಂಚೆ ಆ ರಾಜ್ಯದಲ್ಲಿ 40ಕ್ಕೂ ಮಿಕ್ಕಿ ಜಪಾನ್‌ಟೌನ್‌ಗಳಿದ್ದವು. ಇಂದು ಇಡೀ ಅಮೆರಿಕದಲ್ಲಿ ಉಳಿದಿರುವುದು ಮೂರು. ಸ್ಯಾನ್ ಹೋಸೆಯದು ಉಳಿದದ್ದಕ್ಕೆ ಒಂದು ಕಾರಣ, ಜೆ. ಬಿ. ಪೆಕ್‌ಹ್ಯಾಮ್ ಎಂಬ ವಕೀಲರಂಥವರು ಶಿಬಿರಕ್ಕೆ ಹೋದವರ ಆಸ್ತಿ ನೋಡಿಕೊಂಡದ್ದು. ಮರಳಿದವರಿಗೆ ಬೌದ್ಧ ಮಂದಿರವೇ ಛತ್ರವಾಯಿತು. ಸ್ಯಾನ್ ಫ್ರಾನ್ಸಿಸ್ಕೊದವರೂ ಮರಳಿದ್ದರು. ಆದರೆ ಅಲ್ಲಿ ನಗರ ಪುನರಭಿವೃದ್ಧಿ ಎಂದು ಮನೆ, ಅಂಗಡಿ ಕೆಡವಿ, ಗೀರಿ ರಸ್ತೆ ಅಗಲಿಸಿ, 1968ರಲ್ಲಿ ದೊಡ್ಡ ಮಾಲ್ ತೆರೆದರು. ಈಗಲೂ ಜಪಾನ್‌ಟೌನ್ ಎಂದೇ ಕರೆಯುತ್ತಾರೆ, ಕರೆಯಲಿ.

ಹಳೆಯ ಕಟ್ಟಡದ ಮುಖ ಕೆಡಿಸಬೇಡಿ ಎಂದು ನಿಯಮ ಮಾಡಬಹುದು. ಒಳಗಿನ ಅಂಗಡಿಯ ಬಾಡಿಗೆಗೆ ಮಿತಿ ಹಾಕಲು ಮಾತ್ರ ಕ್ಯಾಲಿಫೋರ್ನಿಯಾದ ನಗರಗಳಿಗೆ ಅಧಿಕಾರವಿಲ್ಲ. 1987ರ ರಾಜ್ಯ ಕಾನೂನೇ ಅಡ್ಡ ನಿಂತಿದೆ. ಮಳಿಗೆಯಲ್ಲಿ ಯಾರು ಬಾಳುತ್ತಾರೆ, ಯಾರು ಬಾಗಿಲು ಹಾಕುತ್ತಾರೆ ಎಂಬುದು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ನಾನು ಮಂಜೂರು ಮಾಡಿದ ನಕ್ಷೆಗಳಲ್ಲೂ ಕಾಣುತ್ತಿರಲಿಲ್ಲ.

ಹಾಗೆಂದು ಎಲ್ಲಕ್ಕೂ ಬಾಡಿಗೆಯೇ ಕಾರಣವಲ್ಲ. 1946ರಿಂದ ಕೈಯಲ್ಲೇ ತೋಫು ಮಾಡುತ್ತಿದ್ದ ಸ್ಯಾನ್ ಹೋಸೆ ತೋಫು ಅಂಗಡಿ 2017ರ ಕೊನೆಗೆ ಮುಚ್ಚಿತು. ಸೋಯಾ ನೆನೆಸಿ, ರುಬ್ಬಿ, ಕುದಿಸಿ, ಒತ್ತಿ ತೆಗೆಯುವ ದುಡಿಮೆ ಮೈ ಮುರಿಯುವಂಥದ್ದು. ಸೊಸೆ ಪನೀರಿನ ಬದಲು ಅಲ್ಲಿನದನ್ನೇ ಪಲ್ಯಕ್ಕೆ ಹಾಕುತ್ತಿದ್ದಳು.

ಬಾಡಿಗೆಯ ಕಾಟಕ್ಕೆ ಮದ್ದಿಲ್ಲವೆಂದಲ್ಲ. 1910ರಲ್ಲಿ ಆಸ್ಪತ್ರೆಯಾಗಿ ಕಟ್ಟಿದ ಇಸ್ಸೇಯಿ ಸ್ಮಾರಕ ಕಟ್ಟಡ ಇಂದು ಜಪಾನೀ ಅಮೆರಿಕನ್ನರ ಸಂಘದ್ದೇ ಸ್ವತ್ತು. ಅದನ್ನು ಯಾರೂ ಖಾಲಿ ಮಾಡಿಸಲಾರರು. ಲಾಸ್ ಏಂಜಲೀಸಿನ ಲಿಟ್ಲ್ ಟೋಕಿಯೊದಲ್ಲಿ ಜನ ಹಣ ಕೂಡಿಸಿ ಕಟ್ಟಡಗಳನ್ನೇ ಕೊಳ್ಳಲು ನಿಧಿ ಮಾಡಿದ್ದಾರೆ. ನನ್ನನ್ನು ಕೇಳಿದರೆ, ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗಲೇ ನೆಲಮಹಡಿಯ ಒಂದೆರಡು ಮಳಿಗೆ ಇಂಥ ಸಂಘದ ಹೆಸರಿಗೆ ನೋಂದಣಿಯಾಗಬೇಕು.

ಮಕ್ಕಳ ಮನೆಗೆಂದು ಆ ಕಡೆ ಹೋಗುವ ಕನ್ನಡಿಗರು ನಮ್ಮಲ್ಲಿ ಬೇಕಾದಷ್ಟು. ಜುಲೈನ ಓಬಾನ್ ಹಬ್ಬದ ಕುಣಿತಕ್ಕೆ ಜನ ತಾವಾಗಿ ಸೇರುತ್ತಾರೆ. ನೀವು ಹಬ್ಬವಿಲ್ಲದ ದಿನ ಹೋಗಿ, ಫೋಟೊ ಆಮೇಲೆ ತೆಗೆಯಿರಿ, ಮೊದಲು ಏನಾದರೂ ಕೊಂಡುಕೊಳ್ಳಿ.