ಪುಟ್ಟ ಪೆಟ್ಟಿಗೆ, ನೀರಿನ ತಂಪು: ಮನೆಯಲ್ಲಿ ಜೋಡಿಸಿದ ಗಣಕಯಂತ್ರದ ಲೆಕ್ಕಾಚಾರ

ಲೇತ್ ಯಂತ್ರದ ಮುಂದೆ ನಿಂತು ಕೆಲಸ ಮಾಡಿಸಿದವರಿಗೆ ಕೂಲಂಟ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಡೀಸೆಲ್ ಜನರೇಟರ್ ಇಟ್ಟುಕೊಂಡ ವರ್ತಕರಿಗೂ ರೇಡಿಯೇಟರಿನಲ್ಲಿ ನೀರು ಇಳಿದರೆ ಆಗುವ ಅನಾಹುತ ತಿಳಿದದ್ದೇ. ಅದೇ ತತ್ವ ಇಂದು ಮೇಜಿನ ಮೇಲಿನ ಗಣಕಯಂತ್ರಕ್ಕೂ ಬಂದಿದೆ. ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಮನೆಯ ಊಟದ ಮೇಜಿನ ಮೇಲೆ ಬಿಡಿಭಾಗಗಳನ್ನು ಹರಡಿಕೊಂಡು ಜೋಡಿಸುವ, ನೀರಿನಿಂದ ತಂಪಾಗುವ ಪುಟ್ಟ ಯಂತ್ರವು ಕೆಲವೇ ದಿನಗಳಲ್ಲಿ ತಂದೆಯ ಕಾರ್ಖಾನೆಗೆ ಬಂದು ವಿನ್ಯಾಸದ ಕೆಲಸಕ್ಕೆ ನಿಲ್ಲುವುದುಂಟು. ವರ್ಷಾಂತ್ಯಕ್ಕೆ ಅದು ಸಂಸ್ಥೆಯ ಆಸ್ತಿಗಳ ಪಟ್ಟಿಗೂ ಸೇರುತ್ತದೆ. ಹವ್ಯಾಸವಾಗಿ ಹುಟ್ಟಿದ್ದು ಹೀಗೆ ವ್ಯವಹಾರದ ವಿಷಯವಾದಾಗ, ಅದರ ತಾಂತ್ರಿಕ ಗುಣದೋಷಗಳ ಜೊತೆಗೆ ಲೆಕ್ಕಪತ್ರದ ಗುಣದೋಷಗಳನ್ನೂ ಪರಿಶೀಲಿಸುವುದು ಅವಶ್ಯಕ.

ಗಣಕಯಂತ್ರಕ್ಕೆ ನೀರು ಹಾಯಿಸುವುದು ಹೊಸ ಸಂಗತಿಯೇನಲ್ಲ. ಐಬಿಎಂ ಸಂಸ್ಥೆಯು 1980ರಲ್ಲಿ ಪ್ರಕಟಿಸಿದ 3081 ಎಂಬ ಬೃಹತ್ ಯಂತ್ರದಲ್ಲಿ ನೀರಿನಿಂದ ತಂಪಾಗುವ ವಿಶೇಷ ಘಟಕಗಳಿದ್ದವು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನಲ್ಲಿ ವಿದ್ಯುನ್ಮಂಡಲಗಳನ್ನೇ ವಿದ್ಯುತ್ ಹರಿಯಗೊಡದ ದ್ರವವೊಂದರಲ್ಲಿ ಮುಳುಗಿಸಿಡಲಾಗಿತ್ತು. ಮೇಜಿನ ಯಂತ್ರಗಳ ಪೈಕಿ ಆಪಲ್ ಸಂಸ್ಥೆಯು 2004ರಲ್ಲಿ ತನ್ನ ಪವರ್ ಮ್ಯಾಕ್ ಜಿ5 ಮಾಲಿಕೆಯ ಅತಿ ವೇಗದ ಮಾದರಿಗೆ ದ್ರವ ತಂಪನ್ನು ಅಳವಡಿಸಿತು. ಅತ್ತ ತೈವಾನಿನ ವಿಐಎ ಸಂಸ್ಥೆಯು 2001ರಲ್ಲಿ ಮಿನಿ-ಐಟಿಎಕ್ಸ್ ಎಂಬ 170 ಮಿ.ಮೀ. ಚೌಕದ ಮದರ್‌ಬೋರ್ಡಿನ ಅಳತೆಯನ್ನು ಪ್ರಚಾರಕ್ಕೆ ತಂದಿತು. ಪುಟ್ಟ ಬೋರ್ಡು ಮತ್ತು ನೀರಿನ ತಂಪು, ಇವೆರಡರ ಕೂಡಿಕೆಯೇ ಇಂದಿನ ಈ ಯಂತ್ರ.

ನೀರೇ ಏಕೆ ಎಂಬುದಕ್ಕೆ ಸರಳ ಗಣಿತ ಸಾಕು. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗುವಾಗ ಹೀರುವಷ್ಟು ಶಾಖವನ್ನು ಹೀರಲು ಸುಮಾರು 3,500 ಲೀಟರ್ ಗಾಳಿ ಬೇಕು. ಇಂಟೆಲ್ ಸಂಸ್ಥೆಯು 2022ರಲ್ಲಿ ಬಿಡುಗಡೆ ಮಾಡಿದ ಕೋರ್ ಐ9-13900ಕೆ ಪ್ರೊಸೆಸರಿನ ಮೂಲ ವಿದ್ಯುತ್ ಮಿತಿ 125 ವ್ಯಾಟ್, ಗರಿಷ್ಠ ಮಿತಿ 253 ವ್ಯಾಟ್. ಅದು ಸೆಳೆಯುವ ವಿದ್ಯುತ್ತೆಲ್ಲ ಕಟ್ಟಕಡೆಗೆ ಶಾಖವೇ ಆಗುತ್ತದೆ. 250 ವ್ಯಾಟ್ ಶಾಖವನ್ನು ಹೊತ್ತೊಯ್ಯಲು ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ ಆ ನೀರು ಒಂದು ಸುತ್ತಿನಲ್ಲಿ ಕೇವಲ ಮೂರೂವರೆ ಡಿಗ್ರಿಯಷ್ಟು ಬಿಸಿಯಾಗುತ್ತದೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಭಾರೀ ಗಾತ್ರದ ಗಾಳಿ ತಂಪಕವನ್ನು ಕೂರಿಸಲು ಎತ್ತರ ಸಾಲದು. ನೀರಾದರೋ ಶಾಖವನ್ನು ತೆಳುವಾದ ಕೊಳವೆಯ ಮೂಲಕ ಪೆಟ್ಟಿಗೆಯ ಅಂಚಿನಲ್ಲಿರುವ ರೇಡಿಯೇಟರಿಗೆ ಸಾಗಿಸುತ್ತದೆ.

ಆದರೆ ಇಲ್ಲಿಯೇ ಒಂದು ತಪ್ಪು ಕಲ್ಪನೆ ಹುಟ್ಟುವುದುಂಟು. ನೀರು ಶಾಖವನ್ನು ಸಾಗಿಸುತ್ತದೆ, ನಾಶ ಮಾಡುವುದಿಲ್ಲ. ರೇಡಿಯೇಟರ್ ಆ ಶಾಖವನ್ನು ಕೊನೆಗೂ ಕೋಣೆಯ ಗಾಳಿಗೇ ಒಪ್ಪಿಸಬೇಕು. ಆದ್ದರಿಂದ ಕೂಲಂಟಿನ ಉಷ್ಣಾಂಶ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಯಲಾರದು. ಯಂತ್ರ ದುಡಿಯುವಾಗ ಸಾಮಾನ್ಯವಾಗಿ ಅದಕ್ಕಿಂತ 10ರಿಂದ 15 ಡಿಗ್ರಿ ಮೇಲೆಯೇ ಇರುತ್ತದೆ. ಬೆಂಗಳೂರಿನ 27 ಡಿಗ್ರಿಯ ಕೋಣೆಯಲ್ಲಿ ಇದು ಚಿಂತೆಯ ಮಾತಲ್ಲ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟಿ, ಶೀಟಿನ ಮಾಡಿನ ಕೆಳಗಿನ ಕಚೇರಿಯೂ ಕಾದಾಗ ಕೂಲಂಟ್ 55 ಡಿಗ್ರಿಗೆ ತಲುಪಬಹುದು. ಕಾರ್ಖಾನೆಯಿಂದಲೇ ಮುಚ್ಚಿ ಬರುವ ತಂಪಕಗಳಲ್ಲಿ ದ್ರವಕ್ಕೆ ಸಾಮಾನ್ಯವಾಗಿ ಹೇಳುವ ಮೇಲ್ಮಿತಿ 60 ಡಿಗ್ರಿ. ಅಂತರ ಎಷ್ಟು ಕಿರಿದೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಧೂಳಿನ ಸಮಸ್ಯೆಯೂ ಸಣ್ಣದಲ್ಲ. ಹತ್ತಿ ಜಿನ್ನಿಂಗ್ ಘಟಕ, ಅಕ್ಕಿ ಗಿರಣಿ, ಹಿಟ್ಟಿನ ಗಿರಣಿ ಇವುಗಳ ಪಕ್ಕದ ಕೋಣೆಯಲ್ಲಿ ರೇಡಿಯೇಟರಿನ ಒತ್ತೊತ್ತಾದ ಎಸಳುಗಳು ಬೇಗ ಕಟ್ಟಿಕೊಳ್ಳುತ್ತವೆ. ತೆಗೆದು ತೊಳೆಯಬಹುದಾದ ಜಾಲರಿ ಇಲ್ಲದ ಪೆಟ್ಟಿಗೆಯನ್ನು ಅಂತಹ ಕಡೆ ಇಡದಿರುವುದೇ ಲೇಸು.

ಜೋಡಣೆಯ ಕ್ರಮ

ಪುಟ್ಟ ಪೆಟ್ಟಿಗೆಗಳನ್ನು ಲೀಟರ್ ಲೆಕ್ಕದಲ್ಲಿ ಅಳೆಯುವುದು ರೂಢಿ. 20 ಲೀಟರಿನ ಒಳಗಿನವನ್ನು ಕಿರುಗಾತ್ರದವೆಂದು ಕರೆಯುತ್ತಾರೆ. ಕೂಲರ್ ಮಾಸ್ಟರ್ ಸಂಸ್ಥೆಯ 2020ರ ಎನ್‌ಆರ್200 ಪೆಟ್ಟಿಗೆಯ ಗಾತ್ರ 18.25 ಲೀಟರ್, ಅಂದರೆ ಒಂದು ದೊಡ್ಡ ನೀರಿನ ಕ್ಯಾನಿಗಿಂತ ಸ್ವಲ್ಪ ಕಡಿಮೆ. ಇಂತಹ ಪೆಟ್ಟಿಗೆಗೆ 125 x 100 x 63.5 ಮಿ.ಮೀ. ಅಳತೆಯ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ ಹಾಕುವುದು ವಾಡಿಕೆ. ಮಿನಿ-ಐಟಿಎಕ್ಸ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಮೆಮೊರಿಗೆ ಎರಡು ಸ್ಥಾನ, ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಸ್ಥಾನ. ಮುಂದೆ ವಿಸ್ತರಿಸುವ ಅವಕಾಶ ಕಡಿಮೆ, ಅಷ್ಟೇ ಸಾಮರ್ಥ್ಯದ ದೊಡ್ಡ ಬೋರ್ಡಿಗಿಂತ ಬೆಲೆ ಹೆಚ್ಚು. ಜಾಗದ ಉಳಿತಾಯಕ್ಕೆ ತೆರುವ ಬೆಲೆ ಇದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಭಾಗಗಳನ್ನು ಆರಿಸುವವರು ಮೊದಲು ಪೆಟ್ಟಿಗೆಯನ್ನು ನಿಶ್ಚಯಿಸಿ, ಅದರ ಒಳ ಅಳತೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಐದು ಮಿಲಿಮೀಟರ್ ಉದ್ದವಾದ ಕಾರ್ಡು ಒಳಗೆ ಕೂರದೆ ಹಿಂತಿರುಗಿದಾಗ, ಸೀಲು ಒಡೆದ ಮಾಲನ್ನು ವಾಪಸು ಪಡೆಯಲು ಅಂಗಡಿಯವರು ಒಪ್ಪುವುದು ಕಷ್ಟ.

ನೀರಿನ ತಂಪಿನಲ್ಲಿ ಎರಡು ಬಗೆ. ಪಂಪು, ಕೊಳವೆ, ರೇಡಿಯೇಟರ್ ಎಲ್ಲವೂ ದ್ರವ ತುಂಬಿ ಮುಚ್ಚಿ ಬರುವ ಸಿದ್ಧ ಘಟಕ ಒಂದು. ಬಿಡಿಬಿಡಿಯಾಗಿ ಕೊಂಡು ತಾವೇ ಕೊಳವೆ ಕತ್ತರಿಸಿ ದ್ರವ ತುಂಬುವ ಸ್ವಯಂ ನಿರ್ಮಿತ ಮಂಡಲ ಇನ್ನೊಂದು. ವ್ಯಾಪಾರದ ಕೆಲಸಕ್ಕೆ ಮೊದಲನೆಯದೇ ಸಾಕು. ಎರಡನೆಯದು ನೋಡಲು ಸುಂದರ, ಶಬ್ದವೂ ಕಡಿಮೆ, ಆದರೆ ಅದರ ಪ್ರತಿ ಕೀಲಿಗೂ ಜೋಡಿಸಿದವರೇ ಹೊಣೆ.

ಆದರೂ ಎರಡನೆಯದನ್ನೇ ಆರಿಸಿದವರು ಪಾಲಿಸಬೇಕಾದ ಶಿಸ್ತು ಕಠಿಣವಾದದ್ದು. ಕೊಳವೆಬಾವಿಯ ಗಡಸು ನೀರು ಸರ್ವಥಾ ಸಲ್ಲದು. ಭಟ್ಟಿ ಇಳಿಸಿದ ನೀರಿಗೆ ತುಕ್ಕು ಮತ್ತು ಪಾಚಿಯನ್ನು ತಡೆಯುವ ಮಿಶ್ರಣ ಸೇರಿಸಬೇಕು, ಇಲ್ಲವೇ ಸಿದ್ಧ ಕೂಲಂಟನ್ನು ಬಳಸಬೇಕು. ತಾಮ್ರದ ಭಾಗ ಮತ್ತು ಅಲ್ಯೂಮಿನಿಯಂ ಭಾಗ ಒಂದೇ ಮಂಡಲದಲ್ಲಿ ಸೇರಿದರೆ ಅಲ್ಯೂಮಿನಿಯಂ ಸವೆದು ಹೋಗುತ್ತದೆ. ಲೋಹದ ಕೆಲಸ ಮಾಡುವ ಉದ್ಯಮಿಗಳಿಗೆ ಇದು ಹೊಸ ಪಾಠವಲ್ಲ. ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದೆಂಬ ಧೈರ್ಯವೂ ಹುಸಿ, ಏಕೆಂದರೆ ಲೋಹದೊಡನೆ ಒಡನಾಡಿದ ನೀರು ಬಹುಕಾಲ ಶುದ್ಧವಾಗಿ ಉಳಿಯದು.

ಸೋರಿಕೆ ಪರೀಕ್ಷೆಯನ್ನು ಅವಸರದಲ್ಲಿ ಮುಗಿಸಬಾರದು. ಮದರ್‌ಬೋರ್ಡಿಗೂ ಕಾರ್ಡಿಗೂ ವಿದ್ಯುತ್ ಕೊಡದೆ, ಪವರ್ ಸಪ್ಲೈಗೆ ಜಂಪರ್ ಪ್ಲಗ್ ಹಾಕಿ ಪಂಪನ್ನು ಮಾತ್ರ ಓಡಿಸಬೇಕು. ಪ್ರತಿ ಕೀಲಿನ ಕೆಳಗೆ ಬಿಳಿಯ ಟಿಶ್ಯೂ ಕಾಗದವನ್ನಿಟ್ಟು 24 ಗಂಟೆ ಕಾಯಬೇಕು. ಒಂದು ಹನಿ ಬಿದ್ದರೂ ಕಾಗದ ಅದನ್ನು ಮುಚ್ಚಿಡುವುದಿಲ್ಲ. ಪಂಪು ಮಂಡಲದ ಅತ್ಯಂತ ಎತ್ತರದ ಸ್ಥಾನದಲ್ಲಿ ಇರಕೂಡದು; ಗಾಳಿಯ ಗುಳ್ಳೆಗಳು ಅಲ್ಲಿ ಸೇರಿಕೊಂಡರೆ ಪಂಪು ಒಣಗಿ ಕೆಡುತ್ತದೆ. ಈ ಕೊನೆಯ ಮಾತು ಸಿದ್ಧ ಘಟಕಕ್ಕೂ ಅನ್ವಯ.

ಯಂತ್ರ ಚಾಲೂ ಆದ ಮೇಲೆ ಐದು ನಿಮಿಷದ ಪರೀಕ್ಷೆಯನ್ನು ನಂಬಿ ತೃಪ್ತರಾಗುವವರೇ ಹೆಚ್ಚು. ನೀರು ನಿಧಾನವಾಗಿ ಬಿಸಿಯಾಗುವುದರಿಂದ ಪೂರ್ಣ ಹೊರೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಿದ ಮೇಲಷ್ಟೇ ನಿಜವಾದ ಅಂಕಿ ಕಾಣುತ್ತದೆ. ಮಿತಿ ಮೀರಿ ಬಿಸಿಯಾದ ಪ್ರೊಸೆಸರ್ ಇಂದು ಸುಟ್ಟು ಹೋಗುವುದಕ್ಕೆ ಮುನ್ನ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಮಾಲೀಕನ ಕಣ್ಣಿಗೆ ದೋಷ ಕಾಣಿಸದೆ, ಅಚ್ಚಿನ ವಿನ್ಯಾಸದ ಕೆಲಸ ಮಾತ್ರ ದಿನೇ ದಿನೇ ತಡವಾಗುತ್ತಾ ಹೋಗುತ್ತದೆ.

ಬಿಲ್ಲುಗಳ ಸಂಗತಿ

ಬಹುತೇಕ ನಷ್ಟ ಸಂಭವಿಸುವುದು ಸೋರುವ ಕೊಳವೆಯಿಂದಲ್ಲ, ಸೋರುವ ಕಾಗದಪತ್ರದಿಂದ. ಬಿಡಿಭಾಗಗಳನ್ನು ಮಗನ ಹೆಸರಿನಲ್ಲಿ ಕೊಂಡು, ಯಂತ್ರವನ್ನು ಸಂಸ್ಥೆಯ ಪುಸ್ತಕದಲ್ಲಿ ತೋರಿಸಲು ಹೊರಟರೆ ಪ್ರತಿ ಹೆಜ್ಜೆಗೂ ತೊಡಕು. ಜಿಎಸ್‌ಟಿ ನೋಂದಣಿಯುಳ್ಳ ಸಂಸ್ಥೆ ಪ್ರತಿ ಭಾಗಕ್ಕೂ ತನ್ನ ನೋಂದಣಿ ಸಂಖ್ಯೆ ಇರುವ ತೆರಿಗೆ ಬಿಲ್ಲನ್ನು ಪಡೆದಿದ್ದರಷ್ಟೇ ಶೇ. 18ರ ತೆರಿಗೆಯ ಜಮೆ ಕೇಳಬಹುದು. ಜಮೆ ಪಡೆದ ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿಯನ್ನೂ ಪಡೆಯುವಂತಿಲ್ಲ. ಕಾಂಪೋಸಿಷನ್ ಎಂಬ ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಜಮೆಯೇ ಇಲ್ಲ. ಅವರಿಗೆ ತೆರಿಗೆಯೂ ಬೆಲೆಯ ಭಾಗವೇ.

ನಗದು ಪಾವತಿಯ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ನಗದಾದರೆ ಸ್ವಲ್ಪ ಕಡಿಮೆ ಎಂಬ ಅಂಗಡಿಯ ಮಾತಿಗೆ ಒಲಿಯುವವರು ಬಹಳ. ಆದರೆ 2017ರ ಹಣಕಾಸು ಕಾಯ್ದೆ ತಂದ ನಿಯಮದ ಪ್ರಕಾರ, ಆಸ್ತಿಯ ಖರೀದಿಗಾಗಿ ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚ ಸವಕಳಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಉದಾಹರಣೆಗೆ, ತೆರಿಗೆ ಬಿಟ್ಟು 1,00,000 ರೂಪಾಯಿ ಬೆಲೆಯ ಯಂತ್ರದಲ್ಲಿ 35,000 ರೂಪಾಯಿಯ ಗ್ರಾಫಿಕ್ಸ್ ಕಾರ್ಡನ್ನು ನಗದು ಕೊಟ್ಟು ತಂದರೆ, ಗಣಕಯಂತ್ರಗಳಿಗಿರುವ ಶೇ. 40ರ ಸವಕಳಿ ಉಳಿದ 65,000ಕ್ಕೆ ಮಾತ್ರ. ಮೊದಲ ವರ್ಷವೇ 40,000ದ ಬದಲು 26,000. ಅಂಗಡಿಯವರು ಬಿಟ್ಟುಕೊಟ್ಟ ರಿಯಾಯಿತಿ ಇದರ ಮುಂದೆ ಎಷ್ಟು ನಿಂತೀತು?

ಕೊಂಡ ದಿನಕ್ಕಿಂತ ಬಳಕೆಗೆ ತಂದ ದಿನ ಮುಖ್ಯ. ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಆಸ್ತಿಗೆ ಅರ್ಧ ದರದ ಸವಕಳಿ ಮಾತ್ರ. ಹೊಸ ಯಂತ್ರವನ್ನು ಆಯುಧಪೂಜೆಯಂದೇ ಪೂಜಿಸಿ ಆರಂಭಿಸುವ ಪದ್ಧತಿ ನಮ್ಮಲ್ಲಿ ವ್ಯಾಪಕ. 2025ರಲ್ಲಿ ಹಬ್ಬ ಅಕ್ಟೋಬರ್ 1ರಂದು ಬಂದದ್ದರಿಂದ ಅಂದು ಆರಂಭಿಸಿದವರಿಗೆ ಪೂರ್ಣ ದರ ದಕ್ಕುತ್ತದೆ. 2024ರಲ್ಲಿ ಅಕ್ಟೋಬರ್ 11ರಂದು ಆರಂಭಿಸಿದವರಿಗೆ ಅರ್ಧವೇ. ಭಾಗಗಳೆಲ್ಲ ಆಗಸ್ಟಿನಲ್ಲೇ ಬಂದು, ಕೊಳವೆಯ ಒಂದು ಕೀಲಿಗಾಗಿ ಯಂತ್ರ ಮನೆಯಲ್ಲೇ ಕಾದು ಕುಳಿತಿದ್ದರೂ ಲೆಕ್ಕ ಬದಲಾಗದು.

ಮುಂದೆ ಕೂಲಂಟ್ ಬದಲಿಸಿದ ಖರ್ಚು, ಕೆಟ್ಟ ಪಂಪಿನ ಬದಲಿಗೆ ಅಂತಹುದೇ ಇನ್ನೊಂದು ಹಾಕಿದ ಖರ್ಚು ದುರಸ್ತಿಯ ಖಾತೆಗೆ ಸೇರುತ್ತವೆ. ಹೆಚ್ಚು ಸಾಮರ್ಥ್ಯದ ಕಾರ್ಡು ಹಾಕಿದರೆ ಅದು ಬಂಡವಾಳ ವೆಚ್ಚ. ಯಂತ್ರ ಮನೆಯಲ್ಲೇ ಉಳಿದು ಹಗಲು ಲೆಕ್ಕಪತ್ರಕ್ಕೂ ರಾತ್ರಿ ಆಟಕ್ಕೂ ಬಳಕೆಯಾಗುವುದಾದರೆ ಸವಕಳಿ ಮತ್ತು ತೆರಿಗೆ ಜಮೆ ಎರಡೂ ವ್ಯವಹಾರದ ಪಾಲಿನಷ್ಟಕ್ಕೆ ಮಾತ್ರ ಸೀಮಿತ. ಬಣ್ಣಬಣ್ಣದ ದೀಪಗಳನ್ನು ಹೊತ್ತ ಯಂತ್ರವನ್ನು ಕಂಡ ಅಧಿಕಾರಿ ಈ ಪ್ರಶ್ನೆ ಕೇಳದೆ ಬಿಡುವುದು ಅನುಮಾನ.

ಯಾರಿಗೆ ಹೊಂದೀತು

ಬಿಲ್ಲು ಹಾಕುವುದು, ದಾಸ್ತಾನು ಲೆಕ್ಕ, ರಿಟರ್ನ್ ಸಲ್ಲಿಕೆ ಇಷ್ಟೇ ಕೆಲಸವಾದರೆ 65 ವ್ಯಾಟ್ ವರ್ಗದ ಪ್ರೊಸೆಸರ್ ಮತ್ತು ಸಾಧಾರಣ ಫ್ಯಾನು ಸಾಕು. ಅಲ್ಲಿ ನೀರು ಹಾಯಿಸುವುದು ವ್ಯರ್ಥ ವೆಚ್ಚ. ಪೀಣ್ಯದಂತಹ ಪ್ರದೇಶದ ಅಚ್ಚು ತಯಾರಕರಿಗೆ, ಮೂರು ಆಯಾಮದ ವಿನ್ಯಾಸ, ಕತ್ತರಿಸುವ ಉಪಕರಣದ ಪಥದ ಲೆಕ್ಕ, ಗಂಟೆಗಟ್ಟಲೆ ನಡೆಯುವ ಚಿತ್ರಣ ಇವು ನಿತ್ಯದ ಕೆಲಸವಾದವರಿಗೆ, ಜಾಗವೂ ಇಕ್ಕಟ್ಟಾಗಿದ್ದರೆ ಸಿದ್ಧ ಘಟಕದ ಪುಟ್ಟ ಯಂತ್ರ ಉಪಯುಕ್ತ. ಅಂತಹವರೂ ಒಂದು ಅಂಶವನ್ನು ಮರೆಯಬಾರದು. ಹೆಸರಾಂತ ಸಂಸ್ಥೆಯ ಪೂರ್ಣ ಯಂತ್ರಕ್ಕೆ ಒಂದೇ ಖಾತರಿ, ಒಂದೇ ದೂರವಾಣಿ ಸಂಖ್ಯೆ. ಮನೆಯಲ್ಲಿ ಜೋಡಿಸಿದ ಯಂತ್ರಕ್ಕೆ ಎಂಟು ಭಾಗ, ಎಂಟು ಖಾತರಿ, ಎಂಟು ಅವಧಿ. ದೋಷ ಯಾವ ಭಾಗದ್ದೆಂದು ಕಂಡುಹಿಡಿಯುವ ಕೆಲಸ ಜೋಡಿಸಿದವರದು. ಜೋಡಿಸಿದ ಮಗ ಉದ್ಯೋಗಕ್ಕೆಂದು ಪುಣೆಗೋ ಹೈದರಾಬಾದಿಗೋ ಹೋದ ಮೇಲೆ ಆ ಕೆಲಸ ಯಾರದೆಂಬುದನ್ನು ಖರೀದಿಗೆ ಮುನ್ನವೇ ತೀರ್ಮಾನಿಸಬೇಕು. ಲೆಕ್ಕಪತ್ರದ ಕಡತಗಳ ಪ್ರತಿಯನ್ನು ಪ್ರತಿದಿನ ಬೇರೊಂದು ಸಾಧನಕ್ಕೆ ಇಳಿಸಿಡುವುದು ಎಲ್ಲ ಯಂತ್ರಕ್ಕೂ ಅಗತ್ಯ, ನೀರು ಹರಿಯುವ ಯಂತ್ರಕ್ಕೆ ಇನ್ನೂ ಅಗತ್ಯ.

ಪೆಟ್ಟಿಗೆಯ ಒಳಬದಿಗೆ ಒಂದು ರಟ್ಟಿನ ಚೀಟಿ ಅಂಟಿಸಿ, ಪ್ರತಿ ಭಾಗದ ಕ್ರಮಸಂಖ್ಯೆ, ಬಿಲ್ಲಿನ ದಿನಾಂಕ, ಖಾತರಿ ಮುಗಿಯುವ ದಿನ, ದ್ರವ ಬದಲಿಸಿದ ದಿನ ಇವನ್ನು ಬರೆದಿಡುವವರು ಕೆಲವರಿದ್ದಾರೆ, ಅನುಕರಣೀಯ ಅಭ್ಯಾಸ. ಬಿಲ್ಲುಗಳನ್ನು ಮಾತ್ರ ಕೊಂಡ ದಿನವೇ ಜೆರಾಕ್ಸ್ ಮಾಡಿಸಿಡಬೇಕು. ಅನೇಕ ಅಂಗಡಿಗಳಲ್ಲಿ ಕೊಡುವ ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಖಾತರಿಯ ಅವಧಿ ಮುಗಿಯುವುದಕ್ಕೆ ಮೊದಲೇ ಅಳಿಸಿ ಹೋಗುತ್ತದೆ.